ನಿಂಬೆಹಣ್ಣಿನ ಹತ್ತಿರಕ್ಕೆ ಇಳಿದ ಗಗನ ತೊಟ್ಟಿಲು

ಬಹಳ ಹಿಂದೆ, ದುಡ್ಡು ಕೊಟ್ಟು ತಲೆ ತಿರುಗಿಸಿಕೊಳ್ಳುವ ವಿದ್ಯೆಯನ್ನು ಮನುಷ್ಯರು ಆಗತಾನೇ ಕಲಿತಿದ್ದ ಕಾಲದಲ್ಲಿ, ವಿನೋದಾವತಿ ಎಂಬ ರಾಜ್ಯವೊಂದಿತ್ತು. ಅದನ್ನು ಶ್ರೀಮನ್ಮಹಾರಾಜ ಪ್ರಮೋದಸಿಂಹರು ಆಳುತ್ತಿದ್ದರು. ಆಳುತ್ತಿದ್ದರು ಎನ್ನುವುದು ಆಸ್ಥಾನದ ಭಾಷೆ. ನಿಜ ಹೇಳಬೇಕೆಂದರೆ ಅವರು ಉದ್ಘಾಟಿಸುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಒಂದು ಟೇಪು ಕತ್ತರಿಸದಿದ್ದರೆ ಪ್ರಭುಗಳಿಗೆ ಹೊಟ್ಟೆ ಕಟ್ಟಿಕೊಳ್ಳುತ್ತಿತ್ತು. ಅದಕ್ಕಾಗಿ ರಾಜವೈದ್ಯರು ಶಯನಗೃಹದ ಬಾಗಿಲಿಗೇ ದಿನಾ ಒಂದು ಕೆಂಪು ಟೇಪು ಕಟ್ಟಿಸಿಡುತ್ತಿದ್ದರು.

ಈ ರಾಜ್ಯದ ಕಿರೀಟಪ್ರಾಯವಾದ ಯೋಜನೆಯೆಂದರೆ ಆನಂದವನ. ಆ ಜಾಗ ಮೊದಲು ಆಸ್ಪತ್ರೆಗೆಂದು ಇಟ್ಟದ್ದು. ಹಿರಿಯ ಮಹಾರಾಜರು ಪಾಯ ತೋಡಿಸಿ, ಪಾಯ ನೋಡಿಕೊಂಡೇ ಕಣ್ಣು ಮುಚ್ಚಿದ್ದರು. ಮಗ ಪಟ್ಟಕ್ಕೆ ಬಂದಾಗ ಆನಂದ ಖಾತೆಯ ಅಮಾತ್ಯ ಹರ್ಷಗುಪ್ತನು ಕೈಮುಗಿದು ಅರಿಕೆ ಮಾಡಿದನು: "ಮಹಾಪ್ರಭು, ಆಸ್ಪತ್ರೆಯಾದರೆ ಜನ ನರಳುತ್ತಾರೆ, ಉದ್ಯಾನವಾದರೆ ಕಿರುಚುತ್ತಾರೆ. ಎರಡೂ ಶಬ್ದವೇ. ಆದರೆ ಕಿರುಚುವುದಕ್ಕೆ ಟಿಕೆಟ್ಟು ಹರಿಯಬಹುದು." ಪ್ರಭುಗಳಿಗೆ ಈ ವಿಷನ್ ಡಾಕ್ಯುಮೆಂಟು ಬಹಳ ಹಿಡಿಸಿತು.

ತೋಡಿದ್ದ ಪಾಯವೇ ಆನಂದವನದ ಮೊದಲ ಆಟವಾಯಿತು. ಅದಕ್ಕೆ ಪಾತಾಳ ದರ್ಶನ ಎಂದು ಹೆಸರು. ಏಣಿಯಲ್ಲಿ ಇಳಿಯಲು ಒಂದು ಟಿಕೆಟ್ಟು, ಹತ್ತಿ ಬರಲು ಇನ್ನೊಂದು. ಆಮೇಲೆ ಬಂದದ್ದು ಜಾರುಬಂಡೆ. ಅದರ ತುದಿಗೆ ಸರಿಯಾಗಿ ಉದ್ಯಾನದ ಕಾಂಪೌಂಡು ಗೋಡೆಯಿತ್ತು. ಗೋಡೆಗೆ ಒಂದು ಹಾಸಿಗೆ ಕಟ್ಟಿದ್ದರು, ಅದು ಅಮಾತ್ಯರ ಅತಿಥಿಗೃಹಕ್ಕೆ ಬೇಕಾಯಿತು. ಮರದ ಕುದುರೆಗಳ ತಿರುಗಣಿಗೆ ಮಂತ್ರಿಮಂಡಲ ಎಂದು ನಾಮಕರಣವಾಯಿತು. ಗಂಟೆಗಟ್ಟಲೆ ಕುಳಿತರೂ ಹತ್ತಿದ ಜಾಗದಲ್ಲೇ ಇಳಿಯಬೇಕಾದ್ದರಿಂದ ಹೆಸರು ಚೆನ್ನಾಗಿ ಒಪ್ಪಿತು. ಎಲ್ಲಕ್ಕಿಂತ ಮಿಗಿಲಾಗಿ ನಟ್ಟನಡುವೆ ಗಗನ ತೊಟ್ಟಿಲು. ಅರಮನೆಯ ಗೋಪುರಕ್ಕಿಂತ ಎತ್ತರದ ಚಕ್ರ, ಅದಕ್ಕೆ ಇಪ್ಪತ್ತನಾಲ್ಕು ತೊಟ್ಟಿಲು, ಅಚ್ಚಿನ ಎರಡು ತುದಿಗಳನ್ನು ಎರಡು ಕಂಬಗಳಿಗೆ ಹಿಡಿದು ನಿಲ್ಲಿಸಿದ ಎಂಟು ಬೋಲ್ಟುಗಳು.

ಆ ಎಂಟು ಬೋಲ್ಟುಗಳನ್ನು ದಿನಾ ಬೆಳಿಗ್ಗೆ ಬಿಗಿಯುವವನು ಕಾಳಾಚಾರಿ. ಕುಲಕಸುಬಿನಿಂದ ಕಮ್ಮಾರ, ವಯಸ್ಸು ಐವತ್ತೆರಡು, ಮಾತು ಕಡಿಮೆ. ಸರ್ಕಾರಿ ಹುದ್ದೆಯ ಹೆಸರು ಮುಖ್ಯ ಸುರಕ್ಷತಾ ನಿರ್ವಾಹಕ ಅಂತ ಇದ್ದರೂ ಅವನಿಗಿದ್ದ ಅಧಿಕಾರ ಒಂದು ದೊಡ್ಡ ಸ್ಪ್ಯಾನರ್ ಮಾತ್ರ. ಚಕ್ರ ದಿನವಿಡೀ ತಿರುಗಿದರೆ ಬೋಲ್ಟು ಸಡಿಲವಾಗುತ್ತದೆ, ಬೆಳಿಗ್ಗೆ ಬಿಗಿದರೆ ಸರಿಹೋಗುತ್ತದೆ. ಹತ್ತು ವರ್ಷದಿಂದ ಅವನಿಗೆ ಗೊತ್ತಿದ್ದ ರಾಜನೀತಿ ಇಷ್ಟೇ.

ಆನಂದವನದ ಹೆಬ್ಬಾಗಿಲಲ್ಲಿ "ಅಪಘಾತವಿಲ್ಲದೆ ಇಷ್ಟು ದಿನ" ಎಂದು ಒಂದು ಬೋರ್ಡಿತ್ತು. ಹತ್ತು ವರ್ಷದಲ್ಲಿ ಅದರ ಅಂಕಿ ಒಂದು ದಿನವೂ ಹಿಂದಕ್ಕೆ ಹೋಗಿರಲಿಲ್ಲ. ಇದರ ಹಿಂದೆ ಒಂದು ಸೊಗಸಾದ ನಿಯಮವಿತ್ತು. ಪೆಟ್ಟು ತಿಂದವನು ತಾನೇ ಸ್ವತಃ ಮೂರನೇ ಮಹಡಿಯ ಕಚೇರಿಗೆ ಬಂದು ಅರ್ಜಿ ತುಂಬಬೇಕು. ಮೆಟ್ಟಿಲು ಹತ್ತಿ ಬಂದವನಿಗೆ, "ಮೂರು ಮಹಡಿ ಹತ್ತಿದ್ದೀರಿ, ನಿಮಗೇನಾಗಿದೆ?" ಎಂದು ಕೇಳಿ ಕಳಿಸುತ್ತಿದ್ದರು. ಹತ್ತಲಾಗದವನಿಂದ ಅರ್ಜಿಯೇ ಬರುತ್ತಿರಲಿಲ್ಲ.

ಆದರೆ ಕಾಳಾಚಾರಿಗೆ ಒಂದು ಕೆಟ್ಟ ಚಾಳಿ ಇತ್ತು. ಕಂಡದ್ದನ್ನು ಬರೆದಿಡುತ್ತಿದ್ದ. ಎಣ್ಣೆ ಮೆತ್ತಿದ ಒಂದು ನೋಟುಬುಕ್ಕಿನಲ್ಲಿ, "ಸೋಮವಾರ, ಜಾರುಬಂಡೆ, ಮುಂದಿನ ಹಲ್ಲು ಎರಡು", "ಗುರುವಾರ, ಮಂತ್ರಿಮಂಡಲ, ಕುದುರೆ ಕಿತ್ತು ಬಂತು, ಸವಾರ ಗಿಡದ ಮೇಲೆ" ಎಂದು ತಾರೀಖಿನ ಸಮೇತ ಬರೆಯುತ್ತಿದ್ದ. ಎಲ್ಲಿ ಯಾವುದು ಸವೆಯುತ್ತದೆ ಎಂದು ತಿಳಿಯಲಿ ಅಂತಷ್ಟೇ ಅವನ ಉದ್ದೇಶ. ಪಾಪ, ತಾನು ಸಾಕ್ಷ್ಯ ಬರೆಯುತ್ತಿದ್ದೇನೆ ಎಂದು ಅವನಿಗೆ ತಿಳಿದಿರಲಿಲ್ಲ.

ಹೀಗಿರಲು ಒಂದು ದಿನ ನೆರೆರಾಜ್ಯದ ರಾಯಭಾರಿಯು ಜೋಕಾಲಿಯಿಂದ ಹಾರಿ ಮಿರ್ಚಿ ಬಜ್ಜಿಯ ಬಾಣಲೆಯ ಪಕ್ಕದಲ್ಲಿ ಬಿದ್ದನು. ರಾಯಭಾರಿಯಾದ್ದರಿಂದ ಎಂಟು ಜನ ಬೋವಿಗಳು ಅವನನ್ನು ಪಲ್ಲಕ್ಕಿಯ ಸಮೇತ ಮೂರನೇ ಮಹಡಿಗೆ ಹೊತ್ತರು. ಅವನು ಮಲಗಿಕೊಂಡೇ ಅರ್ಜಿ ತುಂಬಿದನು. ನಿಯಮ ಅಂದಮೇಲೆ ನಿಯಮ. ಹೆಬ್ಬಾಗಿಲ ಬೋರ್ಡು ಸೊನ್ನೆಗೆ ಬಂತು.

ಪ್ರಮೋದಸಿಂಹರು ಬೋರ್ಡು ನೋಡಿ ಬಿಕ್ಕಿಬಿಕ್ಕಿ ಅತ್ತರು. ಆಸ್ಥಾನವೂ ಪದವಿಗೆ ತಕ್ಕಷ್ಟು ಅತ್ತಿತು. ಕೂಡಲೇ ಕಾಳಾಚಾರಿಯ ನೋಟುಬುಕ್ಕನ್ನು ತರಿಸಿ, ಆಸ್ಥಾನದ ಅಂಕಿಅಂಶ ಜೋಯಿಸರಾದ ಶೇಷಾವಧಾನಿಗಳಿಗೆ ಒಪ್ಪಿಸಲಾಯಿತು. ಜೋಯಿಸರು ಮೂರು ದಿನ ಬಾಗಿಲು ಹಾಕಿಕೊಂಡು ಲೆಕ್ಕ ಹಾಕಿ, ನಾಲ್ಕನೆಯ ದಿನ ಮುಖದಲ್ಲಿ ಕಳೆ ಹೊತ್ತು ಸಭೆಗೆ ಬಂದರು.

"ಮಹಾಪ್ರಭು, ಅದ್ಭುತ! ಹತ್ತು ವರ್ಷದಲ್ಲಿ ಪೆಟ್ಟಾಗದ ದಿನವೇ ಇಲ್ಲ. ಆದರೆ ವರ್ಷಕ್ಕೊಂದು ದಿನ, ತಪ್ಪದೆ, ಒಬ್ಬರಿಗೂ ಒಂದು ತರಚು ಗಾಯವಿಲ್ಲ. ಅದು ಆಯುಧಪೂಜೆಯ ದಿನ!"

ಹಿಂದೆ ನಿಂತಿದ್ದ ಕಾಳಾಚಾರಿ ಮೆಲ್ಲಗೆ ಕೆಮ್ಮಿದ.

"ಬುದ್ಧೀ, ಅವತ್ತು ನಾವು ಬಾಗ್ಲು ಹಾಕಿರ್ತೀವಿ. ಯಂತ್ರ ಓಡ್ಸಲ್ಲ. ಪೂಜೆ ಮಾಡಿ ಕಡ್ಲೆಪುರಿ ಹಂಚಿ ಮನೆಗ್ ಹೋಯ್ತೀವಿ."

"ಬಾಗಿಲಿನ ವಿಚಾರ ನಮ್ಮ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ," ಎಂದರು ಜೋಯಿಸರು. "ಪೂಜೆ ಇದ್ದ ದಿನ ಅಪಘಾತವಿಲ್ಲ, ಪೂಜೆ ಇಲ್ಲದ ದಿನ ಅಪಘಾತವಿದೆ. ಇದಕ್ಕಿಂತ ಸ್ಪಷ್ಟವಾದ ಡೇಟಾ ಬೇಕೇ?"

"ಹಾಗಾದರೆ ದಿನಾ ಆಯುಧಪೂಜೆ ಮಾಡಿಬಿಡೋಣ!" ಎಂದರು ಪ್ರಭುಗಳು. ಹರ್ಷಗುಪ್ತನ ಕಣ್ಣಲ್ಲಿ ನೀರು ಬಂತು. "ಇಂಥ ಮಾತು ಹೊಳೆಯಬೇಕಾದರೆ ಏಳು ಜನ್ಮದ ಪುಣ್ಯ ಬೇಕು ಪ್ರಭು. ಬಾಗಿಲು ತೆರೆದೇ ಇರಲಿ, ಟಾರ್ಗೆಟ್ಟು ತಪ್ಪಬಾರದು. ಪೂಜೆ ಮಾತ್ರ ನಡೆಯಲಿ."

ಮಾರನೆಯ ದಿನ ಡಂಗುರದ ಜೊತೆಗೆ ಪ್ರೆಸ್ ನೋಟೂ ಹೊರಟಿತು. "ಸ್ವಸ್ತಿಶ್ರೀ. ಅಖಂಡ ವಿನೋದಾವತೀಶ್ವರರಾದ ಪ್ರಮೋದಸಿಂಹ ಮಹಾರಾಜರ ಆಜ್ಞಾನುಸಾರ, ಇಂದಿನಿಂದ ಆನಂದವನದಲ್ಲಿ ನಿತ್ಯ ಆಯುಧಪೂಜೆ. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟಬಾರದೆಂಬುದು ನಮ್ಮ ಪರಂಪರೆ. ಆದಕಾರಣ ಸ್ಪ್ಯಾನರ್, ಸುತ್ತಿಗೆ, ಎಣ್ಣೆಡಬ್ಬಿ ಮುಂತಾದ ಸಕಲ ಆಯುಧಗಳನ್ನೂ ಪೀಠದ ಮೇಲಿಟ್ಟು ಪೂಜಿಸತಕ್ಕದ್ದು, ಯಾರೂ ಮುಟ್ಟತಕ್ಕದ್ದಲ್ಲ. ಯಂತ್ರಗಳು ಎಂದಿನಂತೆ ಓಡತಕ್ಕದ್ದು."

ಕಾಳಾಚಾರಿಯ ಸ್ಪ್ಯಾನರಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ ಎತ್ತರದ ಪೀಠದ ಮೇಲೆ ಕೂರಿಸಿದರು. ಕಾಯಲು ಇಬ್ಬರು ಭಟರು ನಿಂತರು. ಹತ್ತು ವರ್ಷ ಕೈಯಲ್ಲಿ ಹಿಡಿದಿದ್ದ ಸ್ಪ್ಯಾನರಿಗೆ ಅವನೀಗ ದೂರದಿಂದ ಕೈಮುಗಿಯಬೇಕಾಯಿತು.

ಗಗನ ತೊಟ್ಟಿಲಿನ ಪೂಜೆಯಲ್ಲಿ ಮಾತ್ರ ಒಂದು ತೊಡಕು ಬಂತು. ಆಯುಧಪೂಜೆ ಎಂದರೆ ಗಾಡಿಯ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಚಕ್ರ ಅದರ ಮೇಲೆ ಹಾಯ್ದರೆ ತಾನೇ ಪೂಜೆ ಮುಗಿದಂತೆ? ಈ ಚಕ್ರವೋ ಗಾಳಿಯಲ್ಲಿ ತಿರುಗುವಂಥದ್ದು. ಜೋಯಿಸರು ಚಕ್ರದ ನೇರ ಕೆಳಗೆ ಒಂದು ಕಲ್ಲಿನ ಕಟ್ಟೆ ಕಟ್ಟಿಸಿ ಅದರ ಮೇಲೆ ನಿಂಬೆಹಣ್ಣಿಟ್ಟರು. ಆದರೂ ಚಕ್ರಕ್ಕೂ ಹಣ್ಣಿಗೂ ನಡುವೆ ಒಂದು ಮೊಳ ಅಂತರ ಉಳಿಯಿತು. "ದೈವೇಚ್ಛೆ ಇದ್ದಂತಾಗಲಿ," ಎಂದು ಅವರು ಕಡ್ಲೆಪುರಿ ಹಂಚಿದರು.

ದೈವ ತಡಮಾಡಲಿಲ್ಲ. ಒಂದು ವಾರ ಕಳೆದು ಅಳೆದಾಗ ಅಂತರ ನಾಲ್ಕು ಬೆರಳು ಕಡಿಮೆಯಾಗಿತ್ತು. ಇನ್ನೊಂದು ವಾರಕ್ಕೆ ಗೇಣಿನ ಹತ್ತಿರ ಬಂತು. ಆಸ್ಥಾನ ರೋಮಾಂಚನಗೊಂಡಿತು.

"ಪವಾಡ! ಚಕ್ರ ತಾನಾಗಿಯೇ ನಿಂಬೆಹಣ್ಣನ್ನು ಅರಸಿ ಇಳಿದು ಬರುತ್ತಿದೆ!"

"ಬೋಲ್ಟು ಸಡ್ಲ ಆಗಿ ಅಚ್ಚು ಜಾರ್ತಾ ಐತೆ ಬುದ್ಧೀ," ಎಂದ ಕಾಳಾಚಾರಿ. "ಬೋಲ್ಟು ಕಳಚಿಕೊಂಡ್ರೆ ಚಕ್ರ ನಿಲ್ಲಲ್ಲ. ಒಂದೇ ಒಂದ್ ಗಳಿಗೆ ಸ್ಪ್ಯಾನರ್ ಕೊಡಿ, ಕೈ ಮುಗೀತೀನಿ."

ಹರ್ಷಗುಪ್ತನು ಅವನ ಹೆಗಲ ಮೇಲೆ ಕೈಯಿಟ್ಟು ಮರುಕದಿಂದ ನುಡಿದನು: "ಆಚಾರಿ, ನಿನ್ನ ಫೀಡ್‌ಬ್ಯಾಕು ನಮಗೆ ಅಮೂಲ್ಯ. ಆದರೆ ನೀನು ಬೋಲ್ಟಿನ ಮಟ್ಟದಿಂದ ನೋಡುತ್ತಿದ್ದೀಯ, ನಾವು ನೀತಿಯ ಮಟ್ಟದಿಂದ ನೋಡುತ್ತಿದ್ದೇವೆ."

ಜೋಯಿಸರು ಚಕ್ರ ಇಳಿಯುವ ವೇಗವನ್ನು ಗುಣಿಸಿ ಭಾಗಿಸಿ ಮುಹೂರ್ತ ಇಟ್ಟರು. ಬರುವ ಹುಣ್ಣಿಮೆಯ ಬೆಳಿಗ್ಗೆ ಹತ್ತೂವರೆಗೆ ಚಕ್ರವು ನಿಂಬೆಹಣ್ಣನ್ನು ಮುಟ್ಟುತ್ತದೆ. ಅದೇ ದಿನ ಆನಂದವನದ ದಶಮಾನೋತ್ಸವ. ಮಹಾರಾಜರು ಸ್ವತಃ ಮೊದಲ ತೊಟ್ಟಿಲಲ್ಲಿ ವಿರಾಜಮಾನರಾಗುವರು. ಉಳಿದವಕ್ಕೆ ಚೀಟಿ ಎತ್ತಿ ಪ್ರಜೆಗಳನ್ನು ಆರಿಸಲಾಗುವುದು. ಹೆಸರು ಬಂದವರು ಆನಂದಪಡುವುದು ಕಡ್ಡಾಯ; ತಪ್ಪಿಸಿಕೊಂಡರೆ ಪಾತಾಳ ದರ್ಶನಕ್ಕೆ ಇಳಿಸಿ ಏಣಿ ತೆಗೆಯಲಾಗುವುದು.

ಹದಿನೇಳನೆಯ ತೊಟ್ಟಿಲಿಗೆ ಬಂದ ಚೀಟಿ ಕಾಳಾಚಾರಿಯ ಹೆಂಡತಿ ಸಾಕಮ್ಮನದು.

ಸಾಕಮ್ಮ ಕುಣಿದಾಡಿಬಿಟ್ಟಳು. ಪೆಟ್ಟಿಗೆಯಿಂದ ಮದುವೆ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. "ಹತ್ತು ವರ್ಸದಿಂದ ಅಲ್ಲೇ ಕೆಲ್ಸ ಮಾಡ್ತೀರ. ಒಂದಿನಾನಾದ್ರೂ ನನ್ನ ಕೂರ್ಸಿದ್ರಾ? ಬೀದಿ ಹೆಂಗಸ್ರೆಲ್ಲಾ ಮೇಲಿಂದ ನಮ್ಮನೆ ಸೂರು ನೋಡವ್ರೆ. ನಾನೊಬ್ಳೇ ನೋಡಿಲ್ಲ."

"ಬೇಡ ಕಣೇ ಸಾಕೂ. ಅದು ಬೀಳ್ತದೆ."

"ನಂಗೆ ಚೀಟಿ ಬಂದ ಮೇಲೇ ಬೀಳ್ಬೇಕಾ ಅದು?"

ಕಾಳಾಚಾರಿ ಅಂದು ಮುದ್ದೆ ಮುಟ್ಟಲಿಲ್ಲ. ಅವನು ಹೆದರಿದ್ದ. ರಾಜ್ಯಕ್ಕೆ ಏನಾದರೂ ಆಗಲಿ, ಮೂವತ್ತು ವರ್ಷ ತನ್ನ ಜೊತೆ ಒಲೆ ಊದಿದ ಈ ಹೆಂಗಸಿಗೆ ಏನೂ ಆಗಬಾರದಿತ್ತು. ಯೋಚಿಸುತ್ತಾ ಕುಳಿತವನ ಕಣ್ಣಿಗೆ ಒಲೆಯ ಪಕ್ಕದಲ್ಲಿದ್ದ ಇಕ್ಕಳ ಬಿತ್ತು. ಪಾತ್ರೆ ಇಳಿಸುವ ಇಕ್ಕಳ. ರಾಜಾಜ್ಞೆಯ ಆಯುಧಗಳ ಪಟ್ಟಿಯಲ್ಲಿ ಇಕ್ಕಳದ ಹೆಸರಿರಲಿಲ್ಲ.

ಮರುದಿನ ಮಟಮಟ ಮಧ್ಯಾಹ್ನ, ಭಟರು ಪ್ರಸಾದದ ಕಡ್ಲೆಪುರಿ ತಿಂದು ಆಕಳಿಸುತ್ತಿದ್ದ ಹೊತ್ತಿನಲ್ಲಿ, ಅವನು ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಂಬ ಹತ್ತಿದ. ಇಕ್ಕಳದಲ್ಲಿ ಬೋಲ್ಟು ಬಿಗಿಯುವುದೆಂದರೆ ಸೌಟಿನಲ್ಲಿ ಬಾವಿ ತೋಡಿದ ಹಾಗೆ. ಅಂಗೈ ಬೊಬ್ಬೆ ಎದ್ದರೂ ಬಿಡದೆ ಎರಡು ಬೋಲ್ಟು ಬಿಗಿದ. ಅಚ್ಚು ಎರಡು ಬೆರಳು ಮೇಲೆ ಬಂತು.

ಸಂಜೆ ಅಳತೆಗೆ ಬಂದ ಜೋಯಿಸರು ಕಿಟಾರನೆ ಕಿರುಚಿದರು. ಚಕ್ರ ನಿಂಬೆಹಣ್ಣಿನಿಂದ ದೂರ ಸರಿದಿತ್ತು! ಊರಿನಲ್ಲಿ ಅಪಶಕುನದ ಸುದ್ದಿ ಹಬ್ಬಿತು. ಮಾರನೆಯ ದಿನ ಮೂರನೆಯ ಬೋಲ್ಟಿಗೆ ಇಕ್ಕಳ ಹಾಕಿದ್ದಾಗಲೇ ಕಾಳಾಚಾರಿ ಸಿಕ್ಕಿಬಿದ್ದ. ದೈವಸಂಕಲ್ಪಕ್ಕೆ ಅಡ್ಡಿ, ಸುರಕ್ಷತೆಗೆ ಭಂಗ, ಅಡುಗೆ ಸಾಮಾನಿನ ದುರ್ಬಳಕೆ ಎಂದು ಆಪಾದನೆ ಹೊರಿಸಿ ಆಸ್ಥಾನಕ್ಕೆ ಎಳೆದೊಯ್ದರು.

ಕಾಳಾಚಾರಿ ನೆಲಕ್ಕೆ ಬಿದ್ದು, ಕೊನೆಯ ಉಪಾಯವಾಗಿ ರಾಜರ ಜೀವದ ಮಾತೆತ್ತಿದ. "ಮಾಪ್ರಭು, ನನ್ನ ಬೇಕಾದ್ರೆ ನೇಣ್ಗಾಕಿ. ಆದ್ರೆ ಅವತ್ತು ಮೊದಲ್ನೇ ತೊಟ್ಲಲ್ಲಿ ಕೂರೋರು ತಾವು. ನಿಮ್ ಜೀವಕ್ಕೇ ಅಪಾಯ ಐತೆ."

ಪ್ರಭುಗಳ ಮುಖ ಬಿಳುಚಿತು. ಈಗಲಾದರೂ ಸ್ಪ್ಯಾನರ್ ಸಿಗುತ್ತದೆ ಎಂದು ಕಾಳಾಚಾರಿಗೆ ಆಸೆ ಮೂಡಿತು.

"ನಮ್ಮ ಜೀವಕ್ಕೆ ಅಪಾಯವೇ? ಹಾಗಾದರೆ ಕೂಡಲೇ ಸುರಕ್ಷತೆಯನ್ನು ಹೆಚ್ಚಿಸಿ," ಎಂದರು ಪ್ರಭುಗಳು. "ಒಂದು ನಿಂಬೆಹಣ್ಣಿನ ಬದಲು ನೂರಾಒಂದು ಇಡಿ."

"ಧನ್ಯ, ಪ್ರಭು!" ಎಂದ ಹರ್ಷಗುಪ್ತ. "ಇಪ್ಪತ್ತನಾಲ್ಕು ತೊಟ್ಟಿಲಿಗೂ ಒಂದೊಂದು ಬೂದುಗುಂಬಳಕಾಯಿ ಕಟ್ಟಿಸುತ್ತೇನೆ. ಪ್ರಭುಗಳ ತೊಟ್ಟಿಲಿಗೆ ಹನ್ನೆರಡು."

ಕಾಳಾಚಾರಿಯನ್ನು ಕ್ಷಮಿಸಿ ಬಿಟ್ಟರು. ಇಕ್ಕಳವನ್ನು ಬಿಡಲಿಲ್ಲ. ಅದನ್ನೂ ಪೀಠಕ್ಕೇರಿಸಿ, ರಾಜ್ಯದ ಎಲ್ಲಾ ಮನೆಗಳ ಇಕ್ಕಳಗಳೂ ಆಯುಧಗಳೆಂದು ಘೋಷಿಸಿ, ಗಾಡಿಗಟ್ಟಲೆ ತುಂಬಿಸಿಕೊಂಡು ಬಂದರು. ಅಂದಿನಿಂದ ವಿನೋದಾವತಿಯ ಹೆಂಗಸರು ಸೆರಗಿನಲ್ಲಿ ಅನ್ನದ ಪಾತ್ರೆ ಇಳಿಸುತ್ತಾ, ಬೆರಳು ಸುಟ್ಟುಕೊಂಡಾಗಲೆಲ್ಲ ರಾಜರ ಹೆಸರು ಹೇಳತೊಡಗಿದರು. ಯಾವ ಧಾಟಿಯಲ್ಲಿ ಎನ್ನುವುದನ್ನು ಪತ್ರಿಕೆಯಲ್ಲಿ ಬರೆಯುವಂತಿಲ್ಲ.

ಹುಣ್ಣಿಮೆ ಬಂತು. ಸಾಕಮ್ಮ ಮದುವೆ ಸೀರೆ ಉಟ್ಟು ಹದಿನೇಳನೆಯ ತೊಟ್ಟಿಲಲ್ಲಿ ಕುಳಿತಳು. ಕಾಳಾಚಾರಿ ತಡೆದ ಭಟರನ್ನು ತಳ್ಳಿ ಬಂದು ಪಕ್ಕದಲ್ಲಿ ಕುಳಿತ.

"ನಿಮ್ಗೆ ಚೀಟಿ ಬಂದಿಲ್ಲವಲ್ಲ?"

"ಚೀಟಿ ಮನೆ ಹಾಳಾಯ್ತು. ಬೀಳೋದಾದ್ರೆ ಜೊತೇಲೇ ಬೀಳಾನ. ನನ್ನ ಗಟ್ಟಿಯಾಗಿ ಹಿಡ್ಕೋ."

ಅವನ ದನಿ ಕೇಳಿ ಸಾಕಮ್ಮನಿಗೆ ಮೊದಲ ಬಾರಿಗೆ ಭಯವಾಯಿತು. ಅವಳು ಗಂಡನ ತೋಳನ್ನು ಎರಡೂ ಕೈಯಲ್ಲಿ ಹಿಡಿದಳು.

ಮೊದಲ ತೊಟ್ಟಿಲು ನಾಲ್ವರಿಗೆಂದು ಮಾಡಿದ್ದು. ಆದರೆ ಪ್ರಭುಗಳ ಪಕ್ಕದಲ್ಲಿ ಕೂರದಿದ್ದರೆ ನಿಷ್ಠೆಗೆ ಕುಂದಲ್ಲವೇ? ಅಮಾತ್ಯರು, ಉಪಾಮಾತ್ಯರು, ಜೋಯಿಸರು, ಸೇನಾಪತಿ, ಆಸ್ಥಾನಕವಿ ಎಲ್ಲರೂ ಸೇರಿ ಹದಿನಾಲ್ಕು ಜನ ಒಬ್ಬರ ಮೇಲೊಬ್ಬರು ಏರಿದರು. ಜೊತೆಗೆ ಹನ್ನೆರಡು ಬೂದುಗುಂಬಳಕಾಯಿ. ಚಕ್ರ ನರಳುತ್ತಾ ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಮೂರನೆಯ ಸುತ್ತಿನಲ್ಲಿ ಮೇಲೆ ಎಲ್ಲೋ ಟಣ್ ಎಂದಿತು. ಆಮೇಲೆ ಇನ್ನೊಂದು ಟಣ್. ಕಾಳಾಚಾರಿ ಕಣ್ಣು ಮುಚ್ಚಿ ಎಣಿಸುತ್ತಿದ್ದ. ಎಂಟನೆಯದಕ್ಕೆ ಚಕ್ರ ಕಂಬ ಬಿಟ್ಟು ಕೆಳಗಿಳಿದು, ಕಟ್ಟೆಯ ಮೇಲಿನ ನೂರಾಒಂದು ನಿಂಬೆಹಣ್ಣುಗಳ ಮೇಲೆ ಪಚಕ್ಕನೆ ಕೂತಿತು. ಜೋಯಿಸರು ಹೇಳಿದ ಹೊತ್ತಿಗೆ ಸರಿಯಾಗಿ, ಹತ್ತೂವರೆ.

ಇಡೀ ಊರು ಜಯಘೋಷ ಮಾಡಿತು. ಚಕ್ರಕ್ಕೆ ಇನ್ನೂ ವೇಗವಿತ್ತು. ಅದು ನಿಂಬೆಹಣ್ಣಿನ ಮೇಲೆ ಹಾಯ್ದು ಕಟ್ಟೆ ಇಳಿದು ಮುಂದಕ್ಕೆ ಹೊರಟಿತು. ಕಾಂಪೌಂಡು ಗೋಡೆಯನ್ನು ಒಡೆದು, ಪೇಟೆಬೀದಿಗೆ ಬಂದು, ದಶಮಾನೋತ್ಸವದ ಫ್ಲೆಕ್ಸುಗಳನ್ನೆಲ್ಲ ಹರಿದುಕೊಂಡು, ಇಳಿಜಾರಿನಲ್ಲಿ ಉರುಳುತ್ತಾ ಹೋಯಿತು. ತೊಟ್ಟಿಲುಗಳೊಳಗೆ ಜನ ಚೀಲದಲ್ಲಿನ ಬಟಾಣಿಯಾದರು. ಕುಂಬಳಕಾಯಿಗಳು ಯಾರ ಸಹಾಯವೂ ಇಲ್ಲದೆ ತಾವೇ ಒಡೆದುಕೊಂಡವು. ಚಕ್ರ ಕೊನೆಗೆ ಊರಿಗೆಲ್ಲ ಕುಡಿಯುವ ನೀರಿನ ಆಧಾರವಾಗಿದ್ದ ಹಿರಿಕೆರೆಗೆ ಇಳಿದು, ಅರ್ಧ ಮುಳುಗಿ, ಒಂದು ಪಕ್ಕಕ್ಕೆ ವಾಲಿ ನಿಂತಿತು.

ಯಾರೂ ಸಾಯಲಿಲ್ಲ, ಕಥೆ ಹೇಳುವವನಿಗೂ ಅಷ್ಟು ಕರುಣೆ ಇರಬೇಕಾಗುತ್ತದೆ. ಆದರೆ ಅರವತ್ತಮೂರು ಜನರಿಗೆ ಕೈಕಾಲು ಮುರಿಯಿತು. ಸಾಕಮ್ಮನ ಎಡಗೈ ಮುರಿದಿತ್ತು. ಅವಳು ನೋವಿನಲ್ಲೂ, "ಸೂರು ಕಾಣ್ಲೇ ಇಲ್ವಲ್ಲ ಕಣ್ರೀ, ಕಣ್ಣು ಮುಚ್ಕೊಂಬಿಟ್ಟೆ," ಎಂದಳು. ಕಾಳಾಚಾರಿ ಅವಳನ್ನು ಎತ್ತಿಕೊಂಡು ನೀರಿನಲ್ಲಿ ನಡೆದು ಬಂದು ದಡದಲ್ಲಿ ಮಲಗಿಸಿ, ಗಂಡಸು ಎಂಬುದನ್ನೂ ಮರೆತು ಹೋ ಎಂದು ಅತ್ತ.

ಇನ್ನೊಂದೆಡೆ ಮಹಾರಾಜರನ್ನು ಕೆಸರಿನಿಂದ ಎತ್ತಿ ಕೂರಿಸಿದರು. ಆಸ್ಥಾನವೆಲ್ಲ ಪ್ರಭುಗಳ ಮುಖವನ್ನೇ ನೋಡುತ್ತಿತ್ತು. ಅಳಬೇಕೋ ಚಪ್ಪಾಳೆ ತಟ್ಟಬೇಕೋ ಯಾರಿಗೂ ತಿಳಿಯದು. ಪ್ರಭುಗಳು ಒಂದು ಬೊಗಸೆ ಕೆರೆನೀರನ್ನು ಕಕ್ಕಿ, ಸುತ್ತಲೂ ನೋಡಿ, "ಇನ್ನೊಂದ್ಸಲ!" ಎಂದರು. ಚಪ್ಪಾಳೆ ಮುಗಿಲು ಮುಟ್ಟಿತು.

ತನಿಖಾ ಸಮಿತಿ ಒಂದೇ ದಿನದಲ್ಲಿ ವರದಿ ಕೊಟ್ಟಿತು. ಮೂಳೆ ಮುರಿದದ್ದೆಲ್ಲ ಕಾಂಪೌಂಡು ಗೋಡೆ ದಾಟಿದ ಮೇಲಾದ್ದರಿಂದ ಆನಂದವನದೊಳಗೆ ಅಪಘಾತ ನಡೆದಿಲ್ಲ. ಹೆಬ್ಬಾಗಿಲ ಬೋರ್ಡಿಗೆ ಇನ್ನೊಂದು ದಿನ ಸೇರಿತು. ಹಿರಿಕೆರೆಯನ್ನು ಆನಂದವನಕ್ಕೆ ಸೇರಿಸಿ ಬೇಲಿ ಹಾಕಿ, ವಾಲಿದ ಚಕ್ರಕ್ಕೆ ಜಲಗಗನ ತೊಟ್ಟಿಲು ಎಂದು ಹೆಸರಿಟ್ಟು ಪ್ರಭುಗಳು ಟೇಪು ಕತ್ತರಿಸಿದರು. ಇನ್ನು ಮುಂದೆ ಕೆರೆಗೆ ಬರುವವರೆಲ್ಲ ಪ್ರವಾಸಿಗರು. ನೀರಿಗೆ ಬರುವವರು ತಂದ ಕೊಡಕ್ಕೂ ಪ್ರತ್ಯೇಕ ಟಿಕೆಟ್ಟು.

ಮತ್ತೆ ಕಾಳಾಚಾರಿ ಕೈಮುಗಿದು ನಿಂತ. "ಬುದ್ಧೀ, ಅದು ವಾಲ್ತಾ ಐತೆ. ನೀರು ತುಂಬೋ ಹೆಂಗಸ್ರ ಮೇಲೆ ಬೀಳ್ತದೆ. ಸ್ಪ್ಯಾನರ್ ಬ್ಯಾಡ, ಬರೀ ಕೈಲೇ ಹಗ್ಗ ಕಟ್ಟಿ ಸರಿ ಮಾಡ್ತೀನಿ."

ಜೋಯಿಸರು ಬೆಚ್ಚಿ ಹಿಂದೆ ಸರಿದರು. "ಪ್ರಭು, ನೋಡಿದಿರಾ? ಬರಿಗೈಯಲ್ಲೇ ಯಂತ್ರ ಸರಿಮಾಡುತ್ತಾನಂತೆ. ಹಾಗಾದರೆ ಇವನೇ ಈ ರಾಜ್ಯದ ಪರಮೋಚ್ಚ ಆಯುಧ!"

ಅಂದೇ ಅವನಿಗೆ ಸ್ನಾನ ಮಾಡಿಸಿ, ಹಣೆಗೂ ತೋಳಿಗೂ ವಿಭೂತಿ ಬಳಿದು, ಹಾರ ಹಾಕಿ ಸ್ಪ್ಯಾನರಿನ ಪಕ್ಕದ ಪೀಠದಲ್ಲಿ ಕೂರಿಸಿದರು. ಎರಡೂ ಪಾದದ ಕೆಳಗೆ ಒಂದೊಂದು ನಿಂಬೆಹಣ್ಣಿಟ್ಟು ಸುರಕ್ಷತಾರತ್ನ ಎಂಬ ಬಿರುದು ಕೊಟ್ಟರು. ಭಟರು ನಾಲ್ಕು ಜನರಾದರು.

ಮರುದಿನ ಸಾಕಮ್ಮ ಎಡಗೈಯನ್ನು ಕೊರಳಿಗೆ ಕಟ್ಟಿಕೊಂಡು, ಬಲಗೈಯಲ್ಲಿ ಬುತ್ತಿ ಹಿಡಿದು, ಕಂಕುಳಲ್ಲಿ ಖಾಲಿ ಕೊಡ ಇರುಕಿಕೊಂಡು ಆನಂದವನದ ಟಿಕೆಟ್ಟು ಕಿಟಕಿಯ ಮುಂದೆ ನಿಂತಳು.

"ಯಾವ ಆಟ ನೋಡ್ತೀಯಮ್ಮ?" ಎಂದ ಗುಮಾಸ್ತ.

"ಆಟ ಬೇಡ ಕಣಪ್ಪ. ನಮ್ ಯಜಮಾನ್ರಿಗೆ ಊಟ ಕೊಡ್ಬೇಕು."

"ಅವ್ರು ಆಯುಧ ವಿಭಾಗ. ಪ್ರವೇಶ ಒಂದು, ದರ್ಶನ ಒಂದು. ನೈವೇದ್ಯ ತಂದಿದ್ರೆ ಅದಕ್ಕೊಂದು."

ಅವಳು ಮೂರೂ ಕೊಂಡು ಒಳಗೆ ಹೋದಳು. ಬುತ್ತಿಯನ್ನು ಭಟರು ಇಸಿದುಕೊಂಡು ಪೀಠದ ಮುಂದಿಟ್ಟರು. ಪೂಜೆಯಲ್ಲಿರುವ ಆಯುಧವನ್ನು ಮುಟ್ಟುವಂತಿಲ್ಲ. ಕಾಳಾಚಾರಿ ಹಾರದ ಸಂದಿಯಿಂದ ಹೆಂಡತಿಯ ಕೈಯ ಕಟ್ಟನ್ನು ನೋಡಿದ.

"ನೋವು ಐತಾ?"

"ಐತೆ. ಉಂಡ್ರಾ?"

"ಮಂಗಳಾರತಿ ಆದ್ಮೇಲೆ ಕೊಡ್ತಾರಂತೆ. ಸಾಕೂ, ಕೆರೆ ಕಡೆ ಹೋಗ್ಬ್ಯಾಡ ಕಣೇ. ಇಲ್ಲಿಂದ ಕಾಣ್ತದೆ, ಇವತ್ತು ಇನ್ನೊಂದ್ ಗೇಣು ವಾಲೈತೆ."

"ಮನೇಲಿ ಒಂದ್ ಹನಿ ನೀರಿಲ್ಲ. ಹೋಗ್ದೆ ಏನ್ ಮಾಡ್ಲಿ?"

ಅವಳು ಸೆರಗಿನ ಗಂಟು ಬಿಚ್ಚಿ, ಉಳಿದ ಕಾಸು ಕೊಟ್ಟು ಕೊಡಕ್ಕೂ ಟಿಕೆಟ್ಟು ಕೊಂಡಳು. ಪೀಠದ ಮೇಲಿಂದ ಕೆರೆ ಚೆನ್ನಾಗಿ ಕಾಣುತ್ತಿತ್ತು. ವಾಲಿದ ಚಕ್ರದ ನೆರಳಿನಲ್ಲಿ ಹೆಂಗಸರ ಉದ್ದದ ಸಾಲಿತ್ತು, ಸಾಕಮ್ಮ ಅದರ ಕೊನೆಯಲ್ಲಿ ಹೋಗಿ ನಿಂತಳು. ಕಾಳಾಚಾರಿ ಎದ್ದು ನಿಂತು ಅವಳ ಹೆಸರು ಹಿಡಿದು ಕೂಗಿದ. ಅಷ್ಟರಲ್ಲಿ ಮಂಗಳಾರತಿ ಶುರುವಾಯಿತು. ಜಾಗಟೆ, ಗಂಟೆ, ಶಂಖದ ಸದ್ದಿನಲ್ಲಿ ಅವನ ಕೂಗು ಯಾರಿಗೂ ಕೇಳಿಸಲಿಲ್ಲ. ಆಯುಧಕ್ಕೆ ಜೀವಕಳೆ ಬಂತೆಂದು ಜನ ಕೆನ್ನೆ ಬಡಿದುಕೊಂಡರು.